ಕ್ಯಾಂಪ್ ಅಂದ್ರ ಆ ಕ್ಯಾಂಪ್ ಅಲ್ಲಂತ

ನೀಲವ್ವ,

ನೀ ಮುಂಜಾನೆ ಹೇಳದ ಕೇಳದ ಹೋದಾಗಿಂದ ನಿನ್ನ ಗಂಡ ಕಂಠೆಪ್ಪ ನಿನ್ನ ಹುಡುಕ್ಕೋತ ನಮ್ಮ ಈ ಮಂಗೋರ್ ಹಿಲ್ ಸಾವಿರ ಸಲ ಹತ್ತಿ ಇಳದಾನ. ತಪ್ಪು ನಂದ. ಘಟ್ಟದಾಗ ಕ್ಯಾಂಪ್ ಮಾಡೂಣು ಅಂತ ಕಂಠೆಪ್ಪ ಅಂದ. ನಾ ಮಕ್ಕಳಾಗದಂಗ ಆಪರೇಶನ್ ಮಾಡೂ ಕ್ಯಾಂಪ್ ಅನ್ಕೊಂಡ ನಿನ್ನ ಕಿವ್ಯಾಗ ಊದಿದೆ. ನಿಮ್ಮ ಮಾವ ನನ್ನ ಸಿನಿಮಾಕ್ಕಂತ ಕರ್ಕೊಂಡ ಹೋಗಿ ಅಂಥಾದ್ರಾಗ ಮಲಗಿಸಿದ್ರು, ಅದಕ್ಕ ನನ್ನ ತಲಿ ಅಲ್ಲಿಗೇ ಓಡ್ತು.

ಇದು ಹಂಗಲ್ಲಂತ. ಎಲ್ಲಾರೂ ಟೆಂಪೋದಾಗ ಹೋಗಿ ಗುಡ್ಡದ ಮ್ಯಾಲ ತಾಡಪತ್ರಿ ಕಟ್ಕೊಂಡ ಮಲಗೂದಂತ. ಮನಿಯಾಗ ತಾಡಪತ್ರಿ ಕೆಳಗ ಮಲಗಿದ್ದು ಸಾಲಲಿಲ್ಲೇನೋ.

ನಿನ್ನ ಹುಡುಕಾಕ ಕೊರ್ಲಿಮ್‌ಗೆ ನಿಮ್ಮಕ್ಕನ ಮನಿಗೆ ಹೊಂಟೇನಿ. ಅಷ್ಟರಾಗ ನೀ ಬಂದ್ರ ಜುಣಕಾ ಒಲಿ ಮ್ಯಾಲ ಐತಿ. ರೊಟ್ಟಿ ನಿನ್ನ ಸಿಟ್ಟಿನ ಮಾರಿಯಷ್ಟ ದಪ್ಪ ಆಗ್ಯಾವು, ಆದ್ರೂ ತಿನ್ನು. ನೀ ಸಿಗೂತನಾ ಹೊಂಡಬ್ಯಾಡ್ರಿ ಅಂತ ಟೆಂಪೋ ನಿಲ್ಲಿಸೇನಿ.

ಇನ್ನೊಂದ ಕೂಸಿನ ಆಸಿ ನಿನಗ ಎಷ್ಟೈತಿ ನನಗ ಗೊತ್ತೈತಿ. ಅಂಜಿಕಿ ಹೋಗಿರದಿದ್ರ ಘಟ್ಟಾನೂ ಬ್ಯಾಡ, ಏನೂ ಬ್ಯಾಡ. ಒಳಗಿಂದ ಚಿಲಕಾ ಹಾಕ್ಕೊಂಡ ಕುಂದ್ರು. ನಾ ಬರೂತನಾ ಕಂಠೆಪ್ಪ ಬಂದು ಕರದ್ರೂ ತಗೀಬ್ಯಾಡ.

ನಿಮ್ಮತ್ತಿ