ನೆಟ್ಟಗೆ ನಿಲ್ಲಿಸಿದ ಪೆಟ್ಟಿಗೆ

ಬಸರಿಗಟ್ಟಿ,
ಹೊಸ ಎಣಿಕೆಯ ನೂರನಲವತ್ತಮೂರನೇ ವರ್ಷ, ಮೂರನೇ ಆಷಾಢದ ಮೂವತ್ತೆಂಟನೇ ದಿನ

ನೀಲವ್ವಜ್ಜಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮಗಳು ಸಾವಂತ್ರಿ ಮಾಡುವ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಸಮುದ್ರ ಮೇಲೇರಿದ ಮೇಲೆ ಮಳೆಗಾಲ ಉದ್ದವಾಯಿತು, ತಿಂಗಳುಗಳನ್ನೂ ಅದಕ್ಕೆ ತಕ್ಕಂತೆ ಎಳೆದಿದ್ದಾರೆ. ನನ್ನ ಮಾತು ವಿಚಿತ್ರ ಎನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ಈ ಕಡೆ ಎಲ್ಲರೂ ಕ್ಷೇಮ ಎಂದು ಬರೆಯುವ ವಾಡಿಕೆ ನಿಮ್ಮಲ್ಲಿತ್ತಂತೆ. ನಾನು ಹಾಗೆ ಬರೆಯಲಾರೆ. ಕಡಲತಳದ ಗಡಿಯಲ್ಲಿ ಕಾವಲಿದ್ದ ನನ್ನ ಮಗಳು ದಾಕ್ಷಿ ಸತ್ತಿದ್ದಾಳೆ. ನಾಳೆ ಬೆಳಿಗ್ಗೆ ಅವಳ ಶವದ ಪೆಟ್ಟಿಗೆ ಊರಿಗೆ ಬರುತ್ತದೆ, ಮತ್ತು ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಜನ ಕೆಟ್ಟವರೆಂದಲ್ಲ. ನಾವೆಲ್ಲ ಕಣ್ಣ ಮೇಲೆ ನೋಟಪಟ್ಟಿ ಕಟ್ಟುತ್ತೇವೆ. ತೆಳು ಗಾಜಿನ ಪಟ್ಟಿ ಅದು. ಹೋಗುವ ದಾರಿ, ಬಸ್ಸು ಬರುವ ಹೊತ್ತು, ಎದುರು ಬಂದವರ ಹೆಸರು ಎಲ್ಲ ಅದರಲ್ಲಿ ಕಾಣುತ್ತದೆ, ಕಂಡದ್ದೆಲ್ಲ ಚಿತ್ರವಾಗಿ ಉಳಿಯುತ್ತದೆ. ಯುದ್ಧ ಶುರುವಾದ ವರ್ಷ ಸರ್ಕಾರ ಮಬ್ಬು ಕಾಯಿದೆ ತಂದಿತು. ಮೊದಲು ಸುದ್ದಿಯವರಿಗೆ ಮಾತ್ರ ಇತ್ತು, ಆಮೇಲೆ ಎಲ್ಲರ ಪಟ್ಟಿಗೂ ಬಂತು. ಸತ್ತ ಸೈನಿಕರ ಪೆಟ್ಟಿಗೆ ಎದುರು ಹಾದರೆ ಆ ಜಾಗದಲ್ಲಿ ಬಿಳಿ ಮಬ್ಬೊಂದು ಕಾಣುತ್ತದೆ, ಅಷ್ಟೇ. ನಾನು ಸಂತೆಯಲ್ಲಿ ಮೊಸರು ಮಾರುವವಳು. ಬದನೆಕಾಯಿ ಆರಿಸುತ್ತಿದ್ದವರು ಮಬ್ಬು ಬಂದಾಗ ಬುಟ್ಟಿ ಎತ್ತಿಕೊಂಡು ಪಕ್ಕಕ್ಕೆ ಸರಿಯುತ್ತಾರೆ, ಹೋದ ಮೇಲೆ ಮತ್ತೆ ಆರಿಸುತ್ತಾರೆ. ನಾನೂ ಎಷ್ಟೋ ಸಲ ಗಡಿಗೆ ಹಿಡಿದು ಸರಿದಿದ್ದೇನೆ. ಯಾರ ಮಕ್ಕಳೆಂದು ಒಮ್ಮೆಯೂ ಕೇಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವ ಮಾತು ನಿಮ್ಮಲ್ಲೂ ಇತ್ತಲ್ಲ, ಅದು ನನ್ನ ಪಾಲಿಗೆ ಈಗ ನಿಜವಾಗಿದೆ.

ಸಾವಿನ ಸುದ್ದಿ ಬಂದ ದಿನ ಟ್ರಂಕಿನ ತಳದಿಂದ ನಿಮ್ಮ ಫೋಟೋ ತೆಗೆದೆ. ಕಾಗದದ ಫೋಟೋ. ಪಟ್ಟಿ ಬಿಚ್ಚಿಟ್ಟು ಬರಿಗಣ್ಣಿನಿಂದ ನೋಡಿದೆ.

ಆ ಫೋಟೋದ ಹಿಂದಿನ, ಬಾಯಿಂದ ಬಾಯಿಗೆ ಬಂದ ಕತೆ ನಮಗೆಲ್ಲ ಗೊತ್ತು. ನಿಮ್ಮ ಕಾಲದಲ್ಲೂ ಇಂಥದೇ ಆಜ್ಞೆ ಇತ್ತು, ಯುದ್ಧದಿಂದ ಬರುವ ಪೆಟ್ಟಿಗೆಗಳ ಚಿತ್ರ ಪೇಪರಿನಲ್ಲಿ, ಟಿವಿಯಲ್ಲಿ ಬರಕೂಡದೆಂದು. ನಿಮ್ಮ ಮಗ ಮಡಿವಾಳಪ್ಪನ ಪೆಟ್ಟಿಗೆಯ ಜೊತೆ ಬಂದ ಅಧಿಕಾರಿ ಸುದ್ದಿಯವರನ್ನು ಊರ ಹೊರಗೇ ತಡೆದ. ಪೆಟ್ಟಿಗೆ ತೆರೆಯಬಾರದು ಎಂದೂ ಹೇಳಿದ. ನೀವು ತಲೆಯಾಡಿಸಿದಿರಿ. ಆದರೆ ನಮ್ಮ ಮನೆತನದಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿ, ಸುತ್ತ ಮನೆಯವರೆಲ್ಲ ಕೂತು ಒಂದು ಫೋಟೋ ತೆಗೆಸಿ, ಆಮೇಲೆ ಮಣ್ಣಿಗೆ ಒಯ್ಯುತ್ತಾರೆ. ಪೆಟ್ಟಿಗೆಯೊಳಗಿನವನನ್ನು ಕೂರಿಸುವುದು ಹೇಗೆ? ನೀವು ಪೆಟ್ಟಿಗೆಯನ್ನೇ ಅಂಗಳದ ಕಂಬಕ್ಕೆ ಆನಿಸಿ ನೆಟ್ಟಗೆ ನಿಲ್ಲಿಸಿದಿರಿ. ವಿಭೂತಿ ಹಚ್ಚಿದಿರಿ, ಅವನ ರುಮಾಲು ಸುತ್ತಿದಿರಿ. ಎಂದಿನಂತೆ ಸ್ಟುಡಿಯೋದ ಗದಿಗೆಪ್ಪನಿಗೆ ಹೇಳಿ ಕಳಿಸಿದಿರಿ.

ಅಧಿಕಾರಿ, ಫೋಟೋ ತೆಗೆಯುವ ಹಾಗಿಲ್ಲ ಎಂದನಂತೆ. ನೀವು, "ಅಂವಾ ಪೇಪರ್‌ನಾಂವ ಅಲ್ರೀ ಸಾಹೇಬ್ರ, ನಮ್ಮೂರಾಗ ಸತ್ತೋರ ಫೋಟೋ ತಗಿಯಾಂವ" ಎಂದಿರಂತೆ. ಅಷ್ಟರಲ್ಲಿ ಗದಿಗೆಪ್ಪ, ಮದುವೆಯಿರಲಿ ಮಣ್ಣಿರಲಿ ಎಲ್ಲರಿಗೂ ಹೇಳುವ ಹಾಗೆ, "ಸಾಹೇಬ್ರ, ನೀವೂ ಒಂಚೂರು ಒಳಗ ಬರ್ರಿ, ಗದ್ದ ಮ್ಯಾಲ ಮಾಡ್ರಿ" ಎಂದ. ಚಿತ್ರವೇ ಆಗಬಾರದೆಂದು ಕಾಯಲು ಬಂದ ಮನುಷ್ಯ ಟೋಪಿ ಸರಿಮಾಡಿಕೊಂಡು ಬಲಗಡೆ ನಿಂತುಬಿಟ್ಟ. ಅಳುತ್ತ ಕೂತಿದ್ದ ನಾನು ಫೋಟೋದಲ್ಲಿ ಅವನ ಗದ್ದ ನೋಡಿ ನಕ್ಕುಬಿಟ್ಟೆ ಅಜ್ಜಿ.

ಗದಿಗೆಪ್ಪ ಆ ಫೋಟೋದ ಇನ್ನೊಂದು ಪ್ರತಿಯನ್ನು ಅಂಗಡಿಯ ಗಾಜಿನಲ್ಲಿ ಮದುಮಕ್ಕಳ ಫೋಟೋಗಳ ನಡುವೆ ತೂಗುಹಾಕಿದ. ಚೆನ್ನಾಗಿ ಬಂದ ಫೋಟೋಗಳನ್ನು ತೂಗುಹಾಕುವುದು ಅವನ ಪದ್ಧತಿ. ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದವರು ನೋಡಿದರು. ಸುತ್ತಲ ಊರುಗಳ ತಾಯಂದಿರು ನೋಡಲೆಂದೇ ಬಂದರು. ಅಲ್ಲಿಂದ ಮುಂದೆ ಊರೂರಲ್ಲಿ ಪೆಟ್ಟಿಗೆಗಳು ಎದ್ದು ನಿಂತವು. ಆಜ್ಞೆಯನ್ನು ಸರ್ಕಾರ ಹಿಂದೆ ತೆಗೆದುಕೊಂಡಿತೋ ಇಲ್ಲವೋ ನನಗೆ ತಿಳಿಯದು, ಅದನ್ನು ಪಾಲಿಸುವವರು ಉಳಿಯಲಿಲ್ಲ. ಯಾರನ್ನೂ ಎದುರು ಹಾಕಿಕೊಳ್ಳುವ ಇರಾದೆ ನಿಮಗಿರಲಿಲ್ಲ. ಮಗನ ಫೋಟೋ ಬೇಕಿತ್ತು, ತೆಗೆಸಿದಿರಿ. ಎಷ್ಟು ಯೋಚಿಸಿದರೂ ಆ ಬೆರಗು ನನ್ನಿಂದ ಹೋಗುವುದಿಲ್ಲ.

ಮಬ್ಬಿಗೆ ತಾಯಿಯ ಸಮ್ಮತಿ ಇದೆ ಎಂಬ ಪತ್ರಕ್ಕೆ ನಾನು ಸಹಿ ಹಾಕಬೇಕಂತೆ. ಹಾಕದಿದ್ದರೆ ನೋಟಪಟ್ಟಿ ಕಿತ್ತುಕೊಳ್ಳುತ್ತಾರೆ. ಅದಿಲ್ಲದೆ ಬಸ್ಸು ಹತ್ತುವ ಹಾಗಿಲ್ಲ, ಸಂತೆಯಲ್ಲಿ ಕೂರುವ ಹಾಗಿಲ್ಲ. ನಾನು ಸಹಿ ಹಾಕಿಲ್ಲ. ಪಟ್ಟಿ ರಿಪೇರಿ ಮಾಡುವ ಈರಣ್ಣ ತಗಡಿನ ಡಬ್ಬಿಯಿಂದ, ಕಾಗದದ ಮೇಲೆ ಚಿತ್ರ ಮೂಡಿಸುವ ಕ್ಯಾಮೆರಾ ಕಟ್ಟಿದ್ದಾನೆ. ಅದರಲ್ಲಿ ಒಂದೇ ಚಿತ್ರ ಬರುತ್ತದಂತೆ. ಇವತ್ತು ಮನೆಮನೆಗೆ ಹೋಗಿ, ನಾಳೆ ಪಟ್ಟಿ ಬಿಚ್ಚಿಟ್ಟು ಬನ್ನಿ ಎಂದು ಕೇಳಿಕೊಂಡೆ. ಪಕ್ಕದ ಮನೆಯ ಕಾಶವ್ವ, "ಪಟ್ಟಿ ಬಿಚ್ಚಿದ್ರ ನನಗ ದಾರೀನ ತಿಳಿಯಂಗಿಲ್ಲ" ಎಂದಳು. "ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ, ಬಾ" ಎಂದೆ. ಬರುತ್ತೇನೆ ಎಂದಿದ್ದಾಳೆ. ಉಳಿದವರು ಏನು ಮಾಡುತ್ತಾರೋ ಗೊತ್ತಿಲ್ಲ.

ಒಂದು ಮಾತು ಕೇಳುವುದಿದೆ. ಫೋಟೋದಲ್ಲಿ ನಿಮ್ಮ ಎಡಗೈ ಪಕ್ಕದಲ್ಲಿ ನಿಂತ ಮಗಳ ಹೆಗಲ ಮೇಲಿದೆ. ಬಲಗೈ ಕಾಣುವುದಿಲ್ಲ, ಪೆಟ್ಟಿಗೆಯ ಹಿಂದೆ ಹೋಗಿದೆ. ಅದು ಬೀಳದಂತೆ ಆನಿಸಿ ಹಿಡಿದಿದ್ದಿರೋ, ಮಗುವಿನ ಬೆನ್ನು ಸವರುವ ಹಾಗೆ ಸವರುತ್ತಿದ್ದಿರೋ ನನಗೆ ತಿಳಿಯಲಿಲ್ಲ. ನಾಳೆ ನಾನೂ ಅಲ್ಲೇ ನಿಲ್ಲಬೇಕು ಅಜ್ಜಿ. ಕೈಯನ್ನು ಎಲ್ಲಿಡಲಿ, ಹೇಳಿ.

ನಿಮ್ಮ
ಸಾವಂತ್ರಿ