ಪಡೆದವರ ಸಹಿ

ಎಪ್ರಿಲ್ 6, 2004, ಮಂಗಳವಾರ. ದೋಹಾ

ಆರಕ್ಕೇ ಗೋದಾಮು ತೆರೆದೆ. ನೀರು, ಟಿನ್ ಊಟ, ಟಯರ್ — ಎಲ್ಲ ಅಮೆರಿಕನ್ ಸೈನ್ಯಕ್ಕೆ. ಇವತ್ತು ನಲವತ್ತು ಬುಲೆಟ್‌ಪ್ರೂಫ್ ಜಾಕೆಟ್ ಬಂತು, ಇರಾಕಿನೊಳಗೆ ಹೋಗುವ ನಮ್ಮ ಡ್ರೈವರ್‌ಗಳಿಗೆ. ಮ್ಯಾನೇಜರ್ ಸಹಿ ಇರುವ ಫಾರ್ಮ್ ತಂದವರಿಗೆ ಮಾತ್ರ. ಈ ಕಂಪನಿಯಲ್ಲಿ ಸಪ್ಲೈ ಆಫೀಸರ್ ಆಗಿ ಹನ್ನೊಂದು ವರ್ಷ. ಸ್ಟಾಕ್ ಒಂದು ಮೊಳೆಯಷ್ಟೂ ತಪ್ಪಿಲ್ಲ. ಆಡಿಟ್‌ನವರು ಬಂದರೆ ಚಹಾ ಕುಡಿದು ಹೋಗುತ್ತಾರೆ, ಅಷ್ಟೇ.

ಎಪ್ರಿಲ್ 8, ಗುರುವಾರ, ರಾತ್ರಿ 9

ನಾಲ್ಕಕ್ಕೆ ಬೀಗ ಹಾಕುವಾಗ ತಾರಾನಾಥ ಬಂದ. ಮೂಲ್ಕಿಯವನು, ಟ್ರೇಲರ್ ಡ್ರೈವರ್. ಕ್ರೈಸ್ತನಾದ ನನ್ನನ್ನು ಊರ ಕಡೆಯವರಂತೆ ಪರ್ಬು ಎಂದೇ ಕರೆಯುತ್ತಾನೆ. ನಾಳೆ ನೀರಿನ ಲೋಡ್ — ಕುವೈತ್ ದಾಟಿ ಒಳಗೆ. ಫಾರ್ಮ್ ಇದೆ, ಸಹಿ ಇಲ್ಲ. ಮ್ಯಾನೇಜರ್ ಮಧ್ಯಾಹ್ನವೇ ದುಬೈಗೆ. ಇನ್ನು ಭಾನುವಾರವೇ.

"ಪರ್ಬುಗಳೇ, ಒಂದು ಜಾಕೆಟ್ ಕೊಡಿ ಮಾರಾಯ್ರೆ. ಸಹಿ ಮತ್ತೆ ಮಾಡಿಸಿ ತರ್ತೇನೆ."

"ಸಹಿ ಇಲ್ಲದೆ ಮಾಫಿ, ಜಾಕೆಟ್ ಇಲ್ಲ. ನಿನಗೆ ಗೊತ್ತುಂಟಲ್ಲ?"

"ಗೊತ್ತುಂಟು. ಆದ್ರೆ ಈಗ ಅಲ್ಲಿ ಗುಂಡು ಹೊಡೀತಾರಂತೆ..."

"ಕಳೆದ ಸಲ ಎಂತ ಆಯ್ತು? ನೆಟ್ಟಗೆ ಬಂದಿಯಲ್ಲ. ಹೋಗಿ ಬಾ."

ನಕ್ಕ. ನಾನೂ ನಕ್ಕೆ. ನನಗೆ ಅವಸರ. ಪವಿತ್ರ ಗುರುವಾರ, ಸಂಜೆಯ ಪೂಜೆಯಲ್ಲಿ ಫಾದರ್ ಪಾದ ತೊಳೆಯುವ ಹನ್ನೆರಡು ಮಂದಿಯಲ್ಲಿ ನಾನೂ ಒಬ್ಬ. ಬರ್ನಡೆಟ್ ನನಗಾಗಿ ಹೊಸ ಸಾಕ್ಸ್ ತಂದಿಟ್ಟಿದ್ದಳು. ಹೆಂಡತಿಗೆ ಇಂಥದ್ದರಲ್ಲಿ ಬಹಳ ಹೆಮ್ಮೆ.

ಎಪ್ರಿಲ್ 9, ಶುಭ ಶುಕ್ರವಾರ

ಉಪವಾಸ. ತಲೆನೋವು.

ಎಪ್ರಿಲ್ 14, ಬುಧವಾರ

ತಾರಾನಾಥ ಇಲ್ಲ. ಸೋಮವಾರ, ಬಸ್ರಾ ದಾರಿಯಲ್ಲಿ. ಎದೆಗೆ ಒಂದೇ ಗುಂಡು. ಗಾಡಿಗೆ ಏನೂ ಆಗಿಲ್ಲ, ನೀರು ಪೂರ್ತಿ ತಲುಪಿತಂತೆ.

ಜಾಕೆಟ್ ಎಣಿಸಿದೆ. ಹದಿನೇಳು ಕೊಟ್ಟದ್ದು, ಉಳಿದದ್ದು ಇಪ್ಪತ್ತಮೂರು. ಲೆಕ್ಕ ಸರಿ ಇದೆ. ಅವನಿಗೆ ಕೊಡದ್ದೂ ಅದರಲ್ಲೇ ಇದೆ. ಬೀಗ ತೆಗೆದು ಕೊಟ್ಟಿದ್ದರೆ ಹತ್ತು ನಿಮಿಷ. ಫಾದರ್ ಹನ್ನೊಂದು ಮಂದಿಯ ಕಾಲು ತೊಳೆದಿದ್ದರೂ ನಡೆಯುತ್ತಿತ್ತು. ನಾನೇ ಕೊಂದೆ. ಬರ್ನಡೆಟ್‌ಗೆ ಹೇಳಿಲ್ಲ.

ಎಪ್ರಿಲ್ 18, ಭಾನುವಾರ, ಸಂಜೆ 6

ಮ್ಯಾನೇಜರ್ ಕರೆದರು. ಮೇಜಿನ ಮೇಲೆ ತಾರಾನಾಥನ ಫಾರ್ಮ್, ಅವನು ಆಫೀಸಿನಲ್ಲಿ ಬಿಟ್ಟುಹೋದದ್ದು. ಈಗ ಸಹಿ ಇದೆ! ಹಾಕಿದ ತಾರೀಖು ಏಳು — ಅವರು ದುಬೈಗೆ ಹೋಗುವ ಮುಂಚಿನದು. ನಾನು ರಿಜಿಸ್ಟರಿನಲ್ಲಿ ಎಂಟನೇ ತಾರೀಖಿಗೆ ಜಾಕೆಟ್ ಇಶ್ಯೂ ತೋರಿಸಬೇಕಂತೆ. ಕಂಪನಿ ಜಾಕೆಟ್ ಕೊಟ್ಟಿತ್ತು, ಅವನೇ ಹಾಕಿಕೊಳ್ಳಲಿಲ್ಲ ಎಂದಾದರೆ ಎಲ್ಲರೂ ಬಚಾವು. ನಾನೂ. ತಪ್ಪು ಸತ್ತವನದು. "ಖಲಾಸ್," ಎಂದು ಕೈ ಒರೆಸಿಕೊಂಡರು.

ಇಲ್ಲ ಎನ್ನಬೇಕಿತ್ತು. ಫಾರ್ಮ್ ಮಡಚಿ ಜೇಬಿಗೆ ಹಾಕಿಕೊಂಡೆ.

ರಿಜಿಸ್ಟರ್ ಮನೆಗೆ ತಂದಿದ್ದೇನೆ. ಒಂದು ಜಾಕೆಟನ್ನೂ, ಸ್ಟಾಕಿನಲ್ಲಿ ಒಂದು ಕಡಿಮೆ ಇರಬೇಕಲ್ಲ; ಮಂಚದ ಕೆಳಗಿದೆ. ತಾರೀಖು ಬರೆದೆ, ನಂಬರ್ ಬರೆದೆ. 'ಪಡೆದವರ ಸಹಿ' ಮಾತ್ರ ಬಾಕಿ. ಅವನು ಕನ್ನಡದಲ್ಲಿ ಹಾಕುತ್ತಿದ್ದ, ಗೇಟ್‌ಪಾಸ್‌ಗಳಲ್ಲಿ ನೂರು ಸಲ ನೋಡಿದ್ದೇನೆ. ರಿಜಿಸ್ಟರಿನಲ್ಲಿ ಚಿತ್ತು ಆಗಬಾರದು. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ತಾರಾನಾಥ

ತಾರಾನಾಥ

ತಾರಾನಾ