ಉಳಿದಿರುವುದು ನಿಮ್ಮ ಮನೆ

ಬನಹಟ್ಟಿ
೭ ಎಪ್ರಿಲ್ ೨೦೨೫

ಮೈ ಡಿಯರ್ ಸೊಸೆ ಮಂಗಲಾಳಿಗೆ, ಕರ್ತನ ಸಮಾಧಾನ ನಿನ್ನ ಮೇಲಿರಲಿ.

ಫೋನ್ ಮಾಡಿದರೆ ನೀನು "ಆರಾಮ ಅದೀನ್ರಿ ಮಾವಾ" ಎಂದು ಮುಗಿಸಿಬಿಡುತ್ತೀ, ಅದಕ್ಕೇ ಈ ಪತ್ರ. ನಿನ್ನ ತವರು ಗಲಗಲಿಯಲ್ಲಿ ಹೊಳೆಯ ಗಾಳಿಯಾದರೂ ಇದ್ದೀತು. ಇಲ್ಲಿ ಮಗ್ಗದ ಶೆಡ್ಡಿನ ತಗಡು ಈಗಲೇ ಕಾದ ಹಂಚಾಗಿದೆ. ನೀನು ಹಚ್ಚಿದ ಮಲ್ಲಿಗೆ ಬಳ್ಳಿ ಮಾತ್ರ ಛಲೋ ಇದೆ. ನೀರು ಹಾಕುವವನು ನಿನ್ನ ಗಂಡ ಸುಭಾಷ. ಇದನ್ನು ನಾನು ರೆಕಮೆಂಡೇಶನ್ ಎಂದು ಬರೆಯುತ್ತಿಲ್ಲ.

ಕ್ರಿಸ್ಮಸ್ ಕೂಟದಲ್ಲಿ ಅವನು ಅತ್ತನೆಂದು, ನೀನು ತಿರುಗಿ ಬಾ ಎಂದು ನಾನು ಆಗ ಬರೆದಿದ್ದೆ. ನೀನು ಉತ್ತರ ಕೊಡಲಿಲ್ಲ. ಒಳ್ಳೆಯದೇ ಮಾಡಿದೆ. ಹೊಸ ವರ್ಷಕ್ಕೆ ಮತ್ತೆ ಕುಡಿದು ಬಂದ. ಜಮಖಂಡಿ ಕಾಲೇಜಿನಲ್ಲಿ ಇಂಗ್ಲಿಷ್ ಮಾಸ್ತರರು ರಿಗ್ರೆಟ್ ಬೇರೆ, ರಿಪೆಂಟನ್ಸ್ ಬೇರೆ ಎಂದು ಬೋರ್ಡಿನ ನಡುವೆ ಗೆರೆ ಎಳೆದು ತೋರಿಸಿದ್ದರು. ಗೆರೆಯೊಂದೇ ನೆನಪಿದೆ. ಎಲ್ಲಿದ್ದೆ? ಹಾಂ, ಸುಭಾಷ.

ಹೋದ ತಿಂಗಳ ಕರ್ತನ ಭೋಜನದ ದಿನ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿದರು. ಯಾವಾಗಲೂ ಅತ್ತುಕೊಂಡು ಮೊದಲು ಓಡುತ್ತಿದ್ದವನು ಬೆಂಚು ಬಿಟ್ಟು ಏಳಲಿಲ್ಲ. ಪಾಸ್ಟರು ಹತ್ತಿರ ಬಂದು ಕೇಳಿದರೆ, "ನನಗ ಈಗ ಬ್ಯಾಡ್ರಿ. ಮದ್ಲ ಸುಳ್ಳ ಹೇಳಿದ ಮನಿಗೋಳಿಗೆ ಹೋಗಿ ಬರ್ತೀನಿ" ಎಂದ. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

ಯಾವ ಸುಳ್ಳು ಎಂದು ನಿನಗೆ ಗೊತ್ತು. ನಿನ್ನತ್ತೆ ಶಾಂತವ್ವ ಜೀವ ಬಿಡುವಾಗ ನೀನು ಔಷಧಿಗೆಂದು ಮುಧೋಳಕ್ಕೆ ಹೋಗಿದ್ದೆ. ಅವನು ಕುಡಿದು ಶೆಡ್ಡಿನಲ್ಲಿ ಬಿದ್ದಿದ್ದ. ಮಾತಾಡಿಸಲು ಬಂದವರಿಗೆಲ್ಲ "ಅಕಿ ಅವ್ವನ್ನ ಬಿಟ್ಟ ತವರಿಗೆ ಹೋಗಿದ್ಲು" ಎಂದ. ಆಮೇಲೆ ಓಣಿ ನಿನ್ನನ್ನು ನೋಡಿದ ಬಗೆ ನಾನು ಬರೆಯಬೇಕಿಲ್ಲ. ಅದಕ್ಕೇ ಅಲ್ಲವೇ ನೀನು ಹೊರಟುಹೋದದ್ದು.

ಮೊದಲು ಪಕ್ಕದ ಮನೆಯ ಸಾವಕ್ಕನ ಬಾಗಿಲಿಗೆ ಹೋದ. ಅವಳು ರೊಟ್ಟಿ ಬಡಿಯುತ್ತಿದ್ದಳು. "ಅಳಾಕ ಬಂದಿ ಏನ್ಲೇ? ಅಳೂದಿದ್ರ ಹೊರಗ ಅಳು, ನನ್ನ ರೊಟ್ಟಿ ಹೊತ್ತತೈತಿ" ಎಂದಳಂತೆ.

"ಅಳಾಕಲ್ಲಬೇ, ಹೇಳಾಕ ಬಂದೇನಿ" ಎಂದು ಇದ್ದದ್ದು ಇದ್ದ ಹಾಗೆ ಹೇಳಿದ. ಕ್ಷಮಿಸು ಎಂದೂ ಕೇಳಲಿಲ್ಲವಂತೆ. ಮರುದಿನ ಸಾವಕ್ಕ ನಮ್ಮ ಕಟ್ಟೆಗೆ ಬಂದು ಸೆರಗು ಬಾಯಿಗಿಟ್ಟುಕೊಂಡು, "ಆ ಹುಡುಗಿ ಬ್ಯಾಗ್ ಹಿಡಕೊಂಡು ನನ್ನ ಬಾಗಲಾಗ ನಿಂತಾಗ ನಾ ಒಳಗ ಬಾ ಅನ್ನಲಿಲ್ಲೋ ಯಣ್ಣಾ" ಎಂದಳು.

ಹೀಗೆ ಮನೆ ಮನೆ ತಿರುಗಿದ. ಒಬ್ಬರು ಚಹಾ ಕೊಟ್ಟರು, ಒಬ್ಬರು ನಾಯಿ ಬಿಟ್ಟರು, ಅದೂ ಮುಧೋಳ ನಾಯಿ. ಓಡಿ ಬಂದವನು ಸಂಜೆ ಮತ್ತೆ ಅದೇ ಮನೆಗೆ ಹೋದ. ಕುಡಿತ ಬಿಟ್ಟಿದ್ದಾನೆ; ಪೂರ್ತಿ ಬಿಟ್ಟನೆಂದು ಬರೆಯಲು ಮಾತ್ರ ನನಗೆ ಧೈರ್ಯವಿಲ್ಲ.

ಈಗ ಉಳಿದಿರುವುದು ಒಂದೇ ಮನೆ, ನಿಮ್ಮದು. ನಿನ್ನ ತಾಯಿಗೂ ಫೋನಿನಲ್ಲಿ, ನೀನು ಸಾಯುವ ಅತ್ತೆಯನ್ನು ಬಿಟ್ಟು ಹೇಳದೆ ಎಲ್ಲೋ ಹೋದೆ ಎಂದು ಸುಳ್ಳು ಹೇಳಿದ್ದನಲ್ಲ. ಅವನು ಬರುವುದು ನಿನ್ನನ್ನು ಕರೆತರಲು ಅಲ್ಲ ಮಗಳೇ. ಅಂಗಳದಲ್ಲಿ ನಿಂತು ಹೇಳಿ, ಬಂದ ಬಸ್ಸಿಗೇ ತಿರುಗುತ್ತಾನೆ. ನೀನು ಹೂಂ ಎನ್ನದೆ ಅವನು ನಿಮ್ಮ ಊರ ದಾರಿ ಹಿಡಿಯುವುದಿಲ್ಲ. ಬೇಡ ಎಂದರೆ ಬೇಡ. ನಿನ್ನ ಮೇಲಿನ ನನ್ನ ಪ್ರೀತಿ ಅದರಿಂದ ಒಂದೆಳೆಯೂ ಕಡಿಮೆಯಾಗದು.

ಯುವರ್ಸ್ ಒಬೀಡಿಯೆಂಟ್ಲಿ (ಸೊಸೆಗೆ ಹೀಗೆ ಬರೆಯುತ್ತಾರೋ ಇಲ್ಲವೋ, ಮರೆತಿದ್ದೇನೆ),
ನಿನ್ನ ಮಾವ
ದಾನಿಯೇಲ

ತಾ.ಕ.: ಆ ಭೋಜನದ ದಿನ ನಾನೂ ಬೆಂಚಿನಿಂದ ಏಳಲಿಲ್ಲ. ಯಾಕೆ ಎಂದು ಸಾವಕ್ಕ ಕೇಳಿದಳು, ಮೊಣಕಾಲು ನೋವು ಎಂದೆ. ಮೊಣಕಾಲು ಗಟ್ಟಿ ಇದೆ. ಔಷಧಿ ಚೀಟಿ ನಿನ್ನ ಕೈಗಿಟ್ಟು ಮುಧೋಳ ಬಸ್ಸು ಹತ್ತಿಸಿದವನು ನಾನೇ ಅಲ್ಲವೇ. ಅವನು ಬಂದವರ ಮುಂದೆ ಆ ಮಾತು ಹೇಳುವಾಗ ಅದೇ ಜಮಖಾನೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದೆ. ಅವನಿಗೆ ಬಾ ಎನ್ನುವುದಾದರೆ, ನನಗೂ ಬಾ ಎನ್ನು.